ನರದ ನೆರೆಹೊರೆ

ನಮ್ಮ ಆಡುಮಾತಿನಲ್ಲಿ 'ನರ' ಎಂಬ ಪದಕ್ಕೆ ಬಿಡುವೇ ಇಲ್ಲ. ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ನರ, ಕಾಲು ಉಳುಕಿದಾಗ ಸೆಳೆಯುವುದೂ ನರ, ಬೆಳಿಗ್ಗೆ ಎದ್ದಾಗ ಕುತ್ತಿಗೆ ತಿರುಗದಿದ್ದರೆ ಅದೂ ನರ ಹಿಡಿದುಕೊಂಡದ್ದು. ಮೈಯಲ್ಲಿ ತ್ರಾಣವಿಲ್ಲದಿದ್ದರೆ ನರದೌರ್ಬಲ್ಯ, ಧೈರ್ಯವಿಲ್ಲದವನು ನರಸತ್ತವನು. ಇಷ್ಟೆಲ್ಲ ಮಾತನಾಡಿದರೂ ನಿಜವಾದ ನರ ಯಾವುದು, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ತುಂಡಾದರೆ ಮತ್ತೆ ಕೂಡಿಕೊಳ್ಳುತ್ತದೆಯೇ ಎಂದು ವಿಚಾರಿಸುವ ಸಂದರ್ಭ ಹೆಚ್ಚಿನವರಿಗೆ ಬರುವುದಿಲ್ಲ. ನಮಗೆ ಬಂತು. ಒಂದೇ ಮನೆಯಲ್ಲಿ, ಎರಡು ಬಾರಿ.

ನಮ್ಮ ಕಿರಿಯ ತಮ್ಮ ಅಲ್ಯೂಮಿನಿಯಂ ಮತ್ತು ಗಾಜಿನ ಕೆಲಸ ಮಾಡುವವನು. ಒಂದು ಅಂಗಡಿಗೆ ಗಾಜು ಕೂರಿಸುವಾಗ ಹಾಳೆ ಜಾರಿ, ಬಲಗೈಯ ಮಣಿಕಟ್ಟನ್ನು ಕಿರುಬೆರಳಿನ ಕಡೆಯಿಂದ ಆಳವಾಗಿ ಕೊಯ್ದುಬಿಟ್ಟಿತು. ರಕ್ತ ನಿಂತ ಮೇಲೆ ಗೊತ್ತಾದದ್ದು ಇನ್ನೊಂದು. ಕಿರುಬೆರಳಿಗೂ ಪಕ್ಕದ ಬೆರಳಿನ ಅರ್ಧಕ್ಕೂ ಸ್ಪರ್ಶವೇ ಇರಲಿಲ್ಲ. ಬೆರಳುಗಳನ್ನು ಅಗಲಿಸಿ ಹಿಡಿಯಲು ಆಗುತ್ತಿರಲಿಲ್ಲ. ತುಂಡಾದದ್ದು ಅಲ್ನಾರ್ ಎಂಬ ನರ. ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳಿನ ತನಕ ಶಾಕ್ ಹೊಡೆದಂತಾಗುತ್ತದಲ್ಲ, ಅದೇ ನರ. ಸರ್ಜನ್ ಸೂಕ್ಷ್ಮದರ್ಶಕದ ಅಡಿಯಲ್ಲಿ, ಕೂದಲಿಗಿಂತ ತೆಳುವಾದ ದಾರದಿಂದ ಅದರ ಎರಡು ತುದಿಗಳನ್ನು ಸೇರಿಸಿದರು. ಆಮೇಲೆ ನಮ್ಮನ್ನು ಕರೆದು ಹೇಳಿದರು: "ನಾನು ಹೊಲಿದದ್ದು ಹೊರಗಿನ ಕೊಳವೆಯನ್ನು ಮಾತ್ರ. ಒಳಗಿನ ಎಳೆಗಳು ಇಲ್ಲಿಂದ ಬೆರಳ ತುದಿಯವರೆಗೆ ತಾವೇ ಬೆಳೆದುಕೊಂಡು ಹೋಗಬೇಕು. ದಿನಕ್ಕೆ ಸುಮಾರು 1 ಮಿಲಿಮೀಟರ್. ಕಾಯಬೇಕು."

ಕಾದೆವು. ತಿಂಗಳಿಗೊಮ್ಮೆ ಫಿಸಿಯೋಥೆರಪಿಯವರು ಗಾಯದಿಂದ ಅಂಗೈಯ ಕಡೆಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಿದ್ದರು. ಒಂದು ಜಾಗದಲ್ಲಿ ತಟ್ಟಿದಾಗ ತಮ್ಮನಿಗೆ ಕಿರುಬೆರಳಿನಲ್ಲಿ ಜುಮ್ಮೆನ್ನುತ್ತಿತ್ತು. ಬೆಳೆಯುತ್ತಿರುವ ಎಳೆಗಳ ತುದಿ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಅಲ್ಲಿಗೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಈ ಪರೀಕ್ಷೆಗೆ ಟಿನೆಲ್ ಚಿಹ್ನೆ ಎಂದು ಹೆಸರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪೌಲ್ ಹಾಫ್‌ಮನ್ ಎಂಬ ಇಬ್ಬರು ವೈದ್ಯರು ಇದನ್ನು ಒಬ್ಬರಿಗೊಬ್ಬರು ತಿಳಿಯದೆ ವಿವರಿಸಿದರು. ಗಡಿಯ ಈಚೆಗೂ ಆಚೆಗೂ ಗಾಯಾಳುಗಳ ನರ ಒಂದೇ ರೀತಿಯಲ್ಲಿ ಬೆಳೆಯುತ್ತಿತ್ತು. ತಮ್ಮನ ಅಂಗೈಯ ಚುಕ್ಕೆ ತಿಂಗಳಿಂದ ತಿಂಗಳಿಗೆ ಸುಮಾರು ಎರಡೂವರೆ ಮೂರು ಸೆಂಟಿಮೀಟರ್ ಮುಂದೆ ಹೋಯಿತು. ಎಂಟನೆಯ ತಿಂಗಳಲ್ಲಿ ಒಂದು ದಿನ ಚಹಾದ ಲೋಟ ಕಿರುಬೆರಳಿಗೆ ತಾಗಿ, "ಬಿಸಿ!" ಎಂದು ಅವನು ಕೂಗಿದಾಗ ಮನೆಯವರೆಲ್ಲ ನಕ್ಕೆವು.

ಮರುವರ್ಷದ ಮಳೆಗಾಲದಲ್ಲಿ ಭಾವ ಅಡಿಕೆ ಮರದಿಂದ ಬಿದ್ದರು. ಕೊಳೆರೋಗ ಬಾರದಂತೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ನಮ್ಮ ಕಡೆ ಮದ್ದು ಬಿಡುವುದು ಎನ್ನುತ್ತಾರೆ. ಮಳೆ ಬಿಟ್ಟ ಎರಡು ಗಂಟೆಯ ಬಿಸಿಲು ನೋಡಿ ಮರ ಹತ್ತಬೇಕು. ಕಾಂಡದಲ್ಲಿ ಪಾಚಿ ಇರುತ್ತದೆ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು, ಆ ದಿನ ಜಾರಿದರು. ಜೊತೆಗಿದ್ದವರಲ್ಲಿ ತಿಳಿದವರೊಬ್ಬರಿದ್ದರು, ಕೈಕಾಲು ಹಿಡಿದು ಎತ್ತಲು ಬಿಡದೆ, ಮೈ ತಿರುಚದಂತೆ ಒಂದು ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ತಂದರು. ಆದರೂ ಬಿದ್ದ ಹೊಡೆತಕ್ಕೇ ಪಕ್ಕೆಲುಬುಗಳ ಮಟ್ಟದಲ್ಲಿ ಬೆನ್ನೆಲುಬಿನ ಒಂದು ಮಣಿ ಒಡೆದು, ಒಳಗಿನ ಬೆನ್ನುಹುರಿ ಜಜ್ಜಿಹೋಗಿತ್ತು. ಕಂಬಿ, ಸ್ಕ್ರೂ ಹಾಕಿ ಮೂಳೆಯನ್ನು ನಿಲ್ಲಿಸಿದರು. ಕಾಲುಗಳು ಮಾತ್ರ ಅಲುಗಲಿಲ್ಲ. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಮಲಮೂತ್ರದ ಹಿಡಿತವೂ ಹೋಗಿತ್ತು. ವೈದ್ಯರು ಈ ಬಾರಿ "ಕಾಯಬೇಕು" ಎನ್ನಲಿಲ್ಲ. "ಇದಕ್ಕೆ ಹೊಂದಿಕೊಳ್ಳಬೇಕು" ಎಂದರು.

ಉಮ್ಮನಿಗೆ ಈ ಮಾತು ಹಿಡಿಸಲಿಲ್ಲ. "ಇವನ ನರ ಪೂರ್ತಿ ತುಂಡಾಗಿತ್ತು, ಆದರೂ ಬೆಳೆಯಿತು. ಅಳಿಯನದ್ದು ಜಜ್ಜಿದ್ದು ಅಂತೀರಿ, ಅದು ಬೆಳೆಯುವುದಿಲ್ಲ ಅಂತೀರಿ. ಇಬ್ಬರದ್ದೂ ನರವೇ ಅಲ್ಲವಾ ಮಕ್ಕಳೇ?" ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆಗೆ ವ್ಯಾಪಾರಿಗಳು ಬೇಗ ಬರುತ್ತಾರೆ. ಪರಿಚಯದವರೊಬ್ಬರು ದೂರದ ನಗರದ ಒಂದು ಕ್ಲಿನಿಕ್ಕಿನ ಕರಪತ್ರ ತಂದುಕೊಟ್ಟರು. ಸ್ಟೆಮ್ ಸೆಲ್ ಚಿಕಿತ್ಸೆ, ಬೆನ್ನಿಗೆ ಕೆಲವು ಚುಚ್ಚುಮದ್ದು, ಖರ್ಚು ಹಲವು ಲಕ್ಷ. ಗಾಲಿಕುರ್ಚಿಯಿಂದ ಎದ್ದು ನಿಂತವರ ಫೋಟೋಗಳೂ ಇದ್ದವು. ಅಕ್ಕ ಮಾತನಾಡದೆ ತನ್ನ ಬಳೆಗಳನ್ನು ತಂದು ಮೇಜಿನ ಮೇಲಿಟ್ಟಳು. ಬಳೆ ಸಾಲದಿದ್ದರೆ ಹತ್ತು ಸೆಂಟ್ಸ್ ಜಾಗವಿದೆ ಎಂದಳು. ಹಣ ಕೊಡುವ ಮೊದಲು ಉಮ್ಮನ ಪ್ರಶ್ನೆಗೆ ಉತ್ತರ ಹುಡುಕೋಣ ಎಂದು ನಾವು ಒಂದು ತಿಂಗಳ ಸಮಯ ಕೇಳಿದೆವು. ವೈದ್ಯರನ್ನು ಕಾಡಿದೆವು, ಫಿಸಿಯೋಥೆರಪಿ ಕಲಿಯುತ್ತಿದ್ದ ಅಳಿಯನ ಪುಸ್ತಕ ತೆರೆದೆವು. ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂತಹ ಮೇಜಿನ ಮುಂದೆ ಇಂದು ಬೇರೆ ಯಾವುದೋ ಮನೆಯವರು ಕುಳಿತಿರಬಹುದು.

ನರವೆಂದರೆ ಒಂದು ಕೇಬಲ್. ಅದರೊಳಗೆ ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಂದೊಂದು ನರಕೋಶದ ಉದ್ದನೆಯ ಕೈ. ತಮ್ಮನ ಕಿರುಬೆರಳನ್ನು ಆಡಿಸುವ ನರಕೋಶದ ಒಡಲು ಇರುವುದು ಕೈಯಲ್ಲಿ ಅಲ್ಲ, ಕುತ್ತಿಗೆಯ ಬುಡದಲ್ಲಿ, ಬೆನ್ನುಹುರಿಯ ಒಳಗೆ. ಸ್ಪರ್ಶವನ್ನು ಒಯ್ಯುವ ಕೋಶದ ಒಡಲು ಬೆನ್ನುಹುರಿಯ ಪಕ್ಕದಲ್ಲೇ ಇದೆ. ಅಲ್ಲಿಂದ ಒಂದು ಎಳೆ ಹೊರಟು ಭುಜ, ಮೊಣಕೈ, ಮಣಿಕಟ್ಟು ದಾಟಿ ಬೆರಳಿಗೆ ಬರುತ್ತದೆ. ಗಾಜು ಕೊಯ್ದದ್ದು ಕೈಯನ್ನು; ಒಡಲು ಬದುಕಿತ್ತು. ಆದ್ದರಿಂದ ಅದು ಹೊಸ ಎಳೆಯನ್ನು ಕಳುಹಿಸಿತು. ಇಷ್ಟು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಭಾವನ ಕಾಲುಗಳಿಗೆ ಆಜ್ಞೆ ಕಳುಹಿಸುವ ನರಕೋಶಗಳ ಒಡಲುಗಳೂ ಬದುಕಿದ್ದವು, ಅವರ ಮಿದುಳಿನಲ್ಲಿ. ಅಲ್ಲಿಂದ ಇಳಿದು ಬರುವ ಎಳೆಗಳು ಬೆನ್ನಿನ ನಡುವೆ ಕಡಿದುಹೋಗಿದ್ದವು. ಒಡಲು ಇದೆ, ಎಳೆ ಕಡಿದಿದೆ. ಲೆಕ್ಕ ಇಬ್ಬರಿಗೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸದ ಬಹುಭಾಗ ಇರುವುದು ನರಕೋಶದಲ್ಲಲ್ಲ, ಅದರ ಸುತ್ತ ಇರುವವರಲ್ಲಿ. ಈ ಸುತ್ತಲಿನವರಿಗೆ ಗ್ಲಿಯಾ ಕೋಶಗಳು ಎಂದು ಹೆಸರು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಈ ಹೆಸರಿಟ್ಟಾಗ ಅದರ ಅರ್ಥ ಅಂಟು ಎಂದಿತ್ತು. ಇಟ್ಟಿಗೆಗಳ ನಡುವಿನ ಗಾರೆಯಂತೆ, ನರಕೋಶಗಳನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ಎಂದು ಅವರು ಭಾವಿಸಿದ್ದರು. ಹೆಸರು ಉಳಿಯಿತು, ಅದರ ಜೊತೆ ಉಪೇಕ್ಷೆಯೂ ಉಳಿಯಿತು. ನರಕೋಶವೇ ಯಜಮಾನ, ಉಳಿದವು ಆಳುಗಳು ಎಂಬ ಎಣಿಕೆ ನೂರು ವರ್ಷ ನಡೆಯಿತು. ಸಂಖ್ಯೆಯಲ್ಲಾದರೂ ಇವು ಕಡಿಮೆಯೇನಲ್ಲ. 2009ರಲ್ಲಿ ಪ್ರಕಟವಾದ ಎಣಿಕೆಯಂತೆ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶವಲ್ಲದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ನರ ಗಾಯಗೊಂಡಾಗ ಮೊದಲು ಎದ್ದು ಓಡಾಡುವವರು ಈ ಆಳುಗಳೇ. ಎಳೆ ಬೆಳೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇವರ ಕೈಯಲ್ಲಿದೆ.

ಕೈಕಾಲುಗಳ ನರಗಳಲ್ಲಿರುವ ಗ್ಲಿಯಾಕ್ಕೆ ಶ್ವಾನ್ ಕೋಶ ಎನ್ನುತ್ತಾರೆ. ಕನ್ನಡದ ಶ್ವಾನಕ್ಕೂ ಇದಕ್ಕೂ ಸಂಬಂಧವಿಲ್ಲ. 1839ರಲ್ಲಿ ಇವುಗಳನ್ನು ವಿವರಿಸಿದ ಥಿಯೋಡೋರ್ ಶ್ವಾನ್ ಎಂಬ ವಿಜ್ಞಾನಿಯ ಹೆಸರು ಅದು. ಆದರೂ ಈ ಕೋಶದ ನಿಷ್ಠೆ ನೋಡಿದರೆ ಕನ್ನಡದ ಅರ್ಥವೂ ತಪ್ಪಾಗಲಾರದು ಎಂದು ನಾವು ಮನೆಯಲ್ಲಿ ಹೇಳಿಕೊಂಡದ್ದುಂಟು. ಆರೋಗ್ಯವಿರುವಾಗ ಇವು ಎಳೆಯ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಸುತ್ತುತ್ತವೆ, ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಸಿದಂತೆ. ಒಂದು ಶ್ವಾನ್ ಕೋಶದ ಪಾಲಿಗೆ ಬರುವುದು ಒಂದು ಎಳೆಯ ಸುಮಾರು 1 ಮಿಲಿಮೀಟರ್ ಉದ್ದ ಮಾತ್ರ. ಮುಂದಿನ ತುಂಡಿಗೆ ಇನ್ನೊಂದು ಕೋಶ. ಹೀಗೆ ಸಾಲಾಗಿ.

1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಿಗೆಯ ನರವನ್ನು ಕತ್ತರಿಸಿ, ಒಡಲಿನಿಂದ ಬೇರೆಯಾದ ಭಾಗ ಕೆಲವು ದಿನಗಳಲ್ಲಿ ಪುಡಿಪುಡಿಯಾಗುವುದನ್ನು ತೋರಿಸಿದ. ತಮ್ಮನ ಕೈಯಲ್ಲೂ ನಡೆದದ್ದು ಅದೇ. ಗಾಯದಿಂದ ಬೆರಳಿನವರೆಗಿನ ಹಳೆಯ ಎಳೆಗಳೆಲ್ಲ ಸತ್ತವು. ಆದರೆ ಅವುಗಳನ್ನು ಹೊದ್ದಿದ್ದ ಶ್ವಾನ್ ಕೋಶಗಳು ಸಾಯಲಿಲ್ಲ, ವೃತ್ತಿ ಬದಲಾಯಿಸಿದವು. ಮೊದಲು ಮೈಲಿನ್ ಮಾಡುವುದನ್ನು ನಿಲ್ಲಿಸಿದವು. ತಾವೇ ಸುತ್ತಿದ್ದ ಹೊದಿಕೆಯನ್ನು ಒಡೆದು ಜೀರ್ಣಿಸತೊಡಗಿದವು. ಕಸ ಹೆಚ್ಚಾದಾಗ ರಾಸಾಯನಿಕ ಸಂದೇಶ ಕಳುಹಿಸಿ, ರಕ್ತದಿಂದ ಕಸ ನುಂಗುವ ಕೋಶಗಳನ್ನು ಕರೆಸಿಕೊಂಡವು. ಆಮೇಲೆ ಸಂಖ್ಯೆಯಲ್ಲಿ ಹೆಚ್ಚಿ, ಮೈ ಉದ್ದ ಮಾಡಿ, ಖಾಲಿಯಾದ ಕೊಳವೆಯೊಳಗೆ ಒಂದರ ಹಿಂದೆ ಒಂದು ಸಾಲು ನಿಂತವು. ಹೊಸ ಎಳೆಗೆ ಈ ಸಾಲೇ ದಾರಿ. ದಾರಿಯುದ್ದಕ್ಕೂ ಬೆಳವಣಿಗೆಗೆ ಬೇಕಾದ ಪೋಷಕ ಪ್ರೋಟೀನುಗಳನ್ನು ಇವೇ ಸುರಿಸುತ್ತವೆ. ಎಳೆ ಹಾದುಹೋದ ಮೇಲೆ ಮತ್ತೆ ಹಳೆಯ ವೃತ್ತಿಗೆ ಮರಳಿ ಅದಕ್ಕೆ ಹೊಸ ಹೊದಿಕೆ ಸುತ್ತುತ್ತವೆ. ಫಿಸಿಯೋಥೆರಪಿಯವರ ಪೆನ್ನಿನ ಚುಕ್ಕೆ ಮುಂದೆ ಹೋಗುತ್ತಿದ್ದುದು ಈ ಸಾಲಿನ ಮೇಲೆ.

ಈ ಸೇವೆಗೆ ಅವಧಿಯೂ ಇದೆ. ಲಂಡನ್ನಿನ ಜೆಸ್ಸೆನ್ ಮತ್ತು ಮಿರ್ಸ್ಕಿ ಅವರ ಬಳಗ ತೋರಿಸಿದಂತೆ, ಈ ವೃತ್ತಿ ಬದಲಾವಣೆಯ ಕೀಲಿ ಸಿ-ಜೂನ್ ಎಂಬ ಒಂದು ಪ್ರೋಟೀನ್. ಎಳೆ ಬಾರದೆ ತಿಂಗಳುಗಟ್ಟಲೆ ಕಾದರೆ ಅದು ಇಳಿಯುತ್ತದೆ, ಸಾಲು ಚದುರುತ್ತದೆ, ಅತ್ತ ಸ್ನಾಯುವೂ ಸೊರಗಿ ನರವನ್ನು ಸ್ವೀಕರಿಸಲಾರದ ಸ್ಥಿತಿಗೆ ಬರುತ್ತದೆ. ತುಂಡಾದ ನರವನ್ನು ಬೇಗ ಹೊಲಿಯಬೇಕು ಎನ್ನುವುದು ಇದಕ್ಕೇ. ಕೈಗೆ ಗಾಯವಾಗಿ ಬೆರಳು ಜೋಮು ಹಿಡಿದಿದ್ದರೆ, ಚರ್ಮಕ್ಕೆ ಮಾತ್ರ ಹೊಲಿಗೆ ಹಾಕಿಸಿಕೊಂಡು ಮನೆಗೆ ಬರಬಾರದು. ಶ್ವಾನ್ ಕೋಶಕ್ಕೇ ರೋಗ ತಗಲಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಹಳೆಯ ಉದಾಹರಣೆ ಕುಷ್ಠರೋಗ. ಅದರ ರೋಗಾಣು ನರಗಳಲ್ಲಿ ಮನೆ ಮಾಡುವುದು ಶ್ವಾನ್ ಕೋಶದೊಳಗೇ. ಅದು ಹೆಚ್ಚಾಗಿ ಹಿಡಿಯುವ ನರಗಳಲ್ಲಿ ತಮ್ಮನ ಕೈಯಲ್ಲಿ ಕೊಯ್ದುಹೋದ ಅಲ್ನಾರ್ ಕೂಡ ಒಂದು. ಸ್ಪರ್ಶವಿಲ್ಲದೆ ಕೈ ಸುಟ್ಟರೂ ಗೊತ್ತಾಗದೆ, ಬೆರಳು ಮಡಚಿಕೊಂಡು, ಜನರಿಂದ ದೂರವಾಗಿ ಬದುಕಿದವರ ಸಂಕಟದ ಹಿಂದೆ ಇರುವುದು ಸೋತುಹೋದ ಈ ಪುಟ್ಟ ಸೇವಕನೇ.

ಇನ್ನು ಭಾವನ ಬೆನ್ನುಹುರಿ. ಮಿದುಳು ಮತ್ತು ಬೆನ್ನುಹುರಿಯೊಳಗೆ ಶ್ವಾನ್ ಕೋಶಗಳಿಲ್ಲ. ಅಲ್ಲಿ ಮೈಲಿನ್ ಸುತ್ತುವವು ಓಲಿಗೋಡೆಂಡ್ರೋಸೈಟ್ ಎಂಬ ಬೇರೆ ಕೋಶಗಳು. ಒಂದೊಂದೂ ಹತ್ತಾರು ಕೈ ಚಾಚಿ ಹತ್ತಾರು ಎಳೆಗಳಿಗೆ ಹೊದಿಸುತ್ತದೆ. ಗಾಯವಾದಾಗ ಇವುಗಳಲ್ಲಿ ಬಹಳಷ್ಟು ಸಾಯುತ್ತವೆ. ಉಳಿದವು ವೃತ್ತಿ ಬದಲಾಯಿಸುವುದಿಲ್ಲ, ದಾರಿಯಾಗಿ ಸಾಲು ನಿಲ್ಲುವುದಿಲ್ಲ. ಒಡೆದ ಮೈಲಿನ್ನಿನ ಕಸ ಕೈಯ ನರದಲ್ಲಿ ಕೆಲವು ವಾರಗಳಲ್ಲಿ ತೆರವಾದರೆ ಇಲ್ಲಿ ತಿಂಗಳುಗಳು, ವರ್ಷಗಳು ಬಿದ್ದಿರುತ್ತದೆ. ಸುಮ್ಮನೆ ಬಿದ್ದಿದ್ದರೆ ಚಿಂತೆಯಿರಲಿಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನ್ ಶ್ವಾಬ್ ಮತ್ತು ಸಂಗಡಿಗರು ಈ ಮೈಲಿನ್ನಿನಲ್ಲಿ ಎಳೆಗಳ ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆ ಎಂದು ತೋರಿಸಿದರು. ಅವುಗಳಲ್ಲಿ ಮುಖ್ಯವಾದದ್ದಕ್ಕೆ 2000ನೇ ಇಸವಿಯಲ್ಲಿ ನೋಗೋ ಎಂಬ ಹೆಸರು ಬಂತು. ಹೋಗಬೇಡ ಎಂಬ ಅರ್ಥದ ಇಂಗ್ಲಿಷ್ ಮಾತು ಅದು. ಹೊಸ ಎಳೆ ತಲೆ ಎತ್ತಿದ ಕಡೆಯಲ್ಲೇ ಪ್ರವೇಶವಿಲ್ಲ ಎಂಬ ಫಲಕ ನಿಂತಿರುತ್ತದೆ.

ಬೆನ್ನುಹುರಿಯಲ್ಲಿ ಇನ್ನೂ ಎರಡು ಬಗೆಯ ಗ್ಲಿಯಾ ಇವೆ. ಸಣ್ಣ ಗಾತ್ರದ ಮೈಕ್ರೋಗ್ಲಿಯಾ ಅಲ್ಲಿನ ಕಾವಲುಗಾರರು. ಗಾಯವಾದೊಡನೆ ಅಲ್ಲಿಗೆ ಧಾವಿಸಿ ಸತ್ತದ್ದನ್ನು ನುಂಗುತ್ತವೆ. ನಕ್ಷತ್ರದ ಆಕಾರದ ಆಸ್ಟ್ರೋಸೈಟುಗಳು ಗಾಯದ ಸುತ್ತ ಹೆಣೆದುಕೊಂಡು ಗೋಡೆ ಕಟ್ಟುತ್ತವೆ. ಈ ಗೋಡೆಯೇ ಶತ್ರು, ಇದನ್ನು ಒಡೆದರೆ ಎಳೆ ಬೆಳೆದೀತು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಅದಕ್ಕೆ ಕಾರಣವೂ ಇತ್ತು. ಗಾಯದ ಕಲೆಯಲ್ಲಿ ಬೆಳವಣಿಗೆಯನ್ನು ತಡೆಯುವ ಸಕ್ಕರೆಯಂಥ ಪದಾರ್ಥಗಳಿವೆ. ಅವನ್ನು ಕರಗಿಸುವ ಕಿಣ್ವ ಕೊಟ್ಟಾಗ ಇಲಿಗಳು ಸ್ವಲ್ಪ ಚೇತರಿಸಿಕೊಂಡದ್ದು 2002ರಲ್ಲಿ ಪ್ರಕಟವಾಯಿತು. ಆದರೆ ಇಲಿಗಳಲ್ಲಿ ಆಸ್ಟ್ರೋಸೈಟುಗಳನ್ನೇ ಇಲ್ಲವಾಗಿಸಿದಾಗ ಗಾಯ ಇನ್ನಷ್ಟು ಹರಡಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಸೊಫ್ರೋನ್ಯೂ ಬಳಗ, ಗೋಡೆ ಕಟ್ಟದಂತೆ ತಡೆದರೂ ಎಳೆಗಳು ಬೆಳೆಯಲಿಲ್ಲವೆಂದೂ, ಪೋಷಕ ಪ್ರೋಟೀನು ಕೊಟ್ಟಾಗ ಅದೇ ಗೋಡೆಯನ್ನು ಹಾದು ಬೆಳೆದವೆಂದೂ ತೋರಿಸಿತು. ಬೆಂಕಿ ಬಿದ್ದ ಕೋಣೆಯ ಬಾಗಿಲು ಮುಚ್ಚಿದವನು ಮನೆಯನ್ನು ಉಳಿಸಿರುತ್ತಾನೆ. ಬೆಂಕಿ ಆರಿದ ಮೇಲೂ ಬಾಗಿಲು ತೆರೆಯುವುದಿಲ್ಲ ಎಂಬುದಷ್ಟೇ ದೂರು. 2020ರಲ್ಲಿ ಇನ್ನೊಂದು ಸಂಗತಿ ಬಂತು. ಹುಟ್ಟಿ ಎರಡು ದಿನದ ಇಲಿಮರಿಯ ಬೆನ್ನುಹುರಿಯನ್ನು ಜಜ್ಜಿದರೆ, ಅದರ ಮೈಕ್ರೋಗ್ಲಿಯಾ ಕಲೆಯೇ ಉಳಿಯದಂತೆ ಗಾಯವನ್ನು ಬೆಸೆಯುತ್ತವೆ. ದೊಡ್ಡದಾದ ಮೇಲೆ ಈ ಶಕ್ತಿ ಉಳಿಯುವುದಿಲ್ಲ.

ಇದೆಲ್ಲ ಸರಿ, ಆದರೆ ತಪ್ಪು ನರಕೋಶದ್ದಲ್ಲ ಎಂದು ಹೇಳುವುದು ಹೇಗೆ? ಅದಕ್ಕೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಆಲ್ಬರ್ಟ್ ಅಗ್ವಾಯೋ ಅವರ ಪ್ರಯೋಗಾಲಯದಲ್ಲಿ ನಡೆದ ಪ್ರಯೋಗವೇ ಸಾಕ್ಷಿ. ಸ್ಪೇನಿನ ಮಹಾನ್ ವಿಜ್ಞಾನಿ ಕಹಾಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಅವರ ಶಿಷ್ಯ ಟೆಲ್ಲೊ 1911ರಲ್ಲಿ ಮೊಲದ ಮಿದುಳಿಗೆ ಕಾಲಿನ ನರದ ತುಂಡನ್ನು ಸೇರಿಸಿ ನೋಡಿದ್ದರು. ಆಗಿನ ಉಪಕರಣಗಳಿಂದ ಅದನ್ನು ಖಚಿತವಾಗಿ ಸಾಧಿಸಲಾಗಲಿಲ್ಲ. 1981ರಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಅಗ್ವಾಯೋ ಇಲಿಯ ಕಾಲಿನ ನರದ ತುಂಡನ್ನು ಮಿದುಳಿನ ಬುಡಕ್ಕೂ ಬೆನ್ನುಹುರಿಗೂ ಸೇತುವೆಯಂತೆ ಜೋಡಿಸಿದರು. ಎಂದೂ ಬೆಳೆಯುವುದಿಲ್ಲ ಎನಿಸಿಕೊಂಡಿದ್ದ ಬೆನ್ನುಹುರಿಯ ಕೋಶಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಎಳೆ ಬೆಳೆಸಿದವು. ಇಲಿಯ ಗಾತ್ರಕ್ಕೆ ಅದು ದೊಡ್ಡ ದೂರ. ಆದರೆ ಸೇತುವೆ ಮುಗಿದು ಮತ್ತೆ ಬೆನ್ನುಹುರಿಗೆ ಕಾಲಿಟ್ಟೊಡನೆ ಎಳೆಗಳು ನಿಂತುಬಿಟ್ಟವು. ಅದೇ ಕೋಶ, ಅದೇ ಎಳೆ. ಶ್ವಾನ್ ಕೋಶಗಳ ನೆರೆಯಲ್ಲಿ ಬೆಳೆಯಿತು, ಬೇರೆ ನೆರೆಯಲ್ಲಿ ನಿಂತಿತು. ಪ್ರಾಯಕ್ಕೆ ಬಂದ ಮಿದುಳಿನ ಕೋಶಗಳ ಒಳಗಿನ ಹುರುಪು ಸ್ವಲ್ಪ ಕಡಿಮೆ ಎಂಬುದೂ ಆಮೇಲೆ ತಿಳಿಯಿತು ನಿಜ. ಆದರೂ ನೆರೆಹೊರೆಯ ಪಾತ್ರವನ್ನು ಅಲ್ಲಗಳೆಯಲು ಇನ್ನು ಸಾಧ್ಯವಿರಲಿಲ್ಲ.

ಇದನ್ನು ನಾವು ಉಮ್ಮನಿಗೆ ಒಂದು ಸಂಜೆ ಹೇಳಿದೆವು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನರ ಸತ್ತಿಲ್ಲ. ಕರೆದುಕೊಂಡು ಹೋಗುವವರು ಇಲ್ಲ, ಅಷ್ಟೇ" ಎಂದರು. ನಮ್ಮ ಒಂದು ತಿಂಗಳ ಓದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು.

ಹಾಗಾದರೆ ಕರೆದುಕೊಂಡು ಹೋಗುವವರನ್ನು ಹೊರಗಿನಿಂದ ತರಬಹುದಲ್ಲವೇ? ಲೋಕದ ಅನೇಕ ಪ್ರಯೋಗಾಲಯಗಳು ಇದೇ ಪ್ರಯತ್ನದಲ್ಲಿವೆ. ಲಂಡನ್ನಿನ ಜೆಫ್ರಿ ರೇಸ್‌ಮನ್ ಮೂಗಿನ ವಾಸನೆಯ ನರಕ್ಕೆ ಜೊತೆಗಾರನಾಗಿರುವ ವಿಶೇಷ ಗ್ಲಿಯಾವನ್ನು 1985ರಲ್ಲಿ ಗುರುತಿಸಿದ್ದರು. ವಾಸನೆಯ ನರ ಜೀವನವಿಡೀ ಹೊಸದಾಗಿ ಬೆಳೆದು ಮಿದುಳಿಗೆ ಹೋಗುತ್ತಿರುತ್ತದೆ. ದಾರಿ ತೋರಿಸುವುದು ಆ ಗ್ಲಿಯಾ. 2012ರಲ್ಲಿ ಪೋಲೆಂಡಿನ ವೈದ್ಯರು, ಇರಿತದಿಂದ ಬೆನ್ನುಹುರಿ ಕಡಿದಿದ್ದ ಅಗ್ನಿಶಾಮಕ ದಳದ ಒಬ್ಬರಿಗೆ ಅವರದೇ ಆ ಕೋಶಗಳನ್ನೂ, ಅವರದೇ ಕಾಲಿನ ನರದ ಪಟ್ಟಿಗಳನ್ನೂ ಸೇರಿಸಿದರು. ಕಠಿಣ ವ್ಯಾಯಾಮದ ಜೊತೆ ಅವರು ಆಧಾರ ಹಿಡಿದು ಸ್ವಲ್ಪ ನಡೆಯುವಂತಾದುದು 2014ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಆದರೆ ಅದು ಒಬ್ಬ ರೋಗಿಯ ಕಥೆ. ಒಬ್ಬರಿಂದ ಚಿಕಿತ್ಸೆ ಸ್ಥಾಪಿತವಾಗುವುದಿಲ್ಲ. ನೋಗೋ ಪ್ರೋಟೀನನ್ನು ತಡೆಯುವ ಔಷಧವನ್ನು ಯುರೋಪಿನಲ್ಲಿ, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಹೊಸದಾಗಿ ಪೆಟ್ಟಾಗಿದ್ದ 126 ಮಂದಿಯ ಮೇಲೆ ಪರೀಕ್ಷಿಸಿದರು. 2024ರ ಕೊನೆಯಲ್ಲಿ ಬಂದ ಫಲಿತಾಂಶದಲ್ಲಿ, ಕೈಗಳ ಬಲ ಹೆಚ್ಚಬೇಕೆಂಬ ಮುಖ್ಯ ಗುರಿ ಈಡೇರಲಿಲ್ಲ. ಬೆನ್ನುಹುರಿ ಪೂರ್ತಿ ಕೆಡದಿದ್ದವರಲ್ಲಿ ಮಾತ್ರ ಒಂದಿಷ್ಟು ಆಶೆಯ ಸೂಚನೆ ಕಂಡಿತು. ಪ್ರಾಮಾಣಿಕ ವಿಜ್ಞಾನ ಮಾತನಾಡುವುದು ಹೀಗೆ. ಗೆದ್ದದ್ದನ್ನೂ ಹೇಳುತ್ತದೆ, ಸೋತದ್ದನ್ನೂ ಹೇಳುತ್ತದೆ.

ಕರಪತ್ರದ ಕ್ಲಿನಿಕ್ಕಿಗೆ ನಾವು ಫೋನು ಮಾಡಿ ನಾಲ್ಕು ಪ್ರಶ್ನೆ ಕೇಳಿದೆವು. ಚುಚ್ಚಿದ ಕೋಶಗಳು ಬೆನ್ನುಹುರಿಯೊಳಗೆ ಯಾವ ಕೋಶವಾಗುತ್ತವೆ? ಅವು ಬದುಕಿ ಉಳಿದಿವೆ ಎಂದು ಹೇಗೆ ನೋಡುತ್ತೀರಿ? ಚಿಕಿತ್ಸೆ ಪಡೆಯದವರೊಂದಿಗೆ ಹೋಲಿಸಿ ನೋಡಿದ್ದೀರಾ? ಇದು ಪ್ರಯೋಗವಾಗಿದ್ದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದರ ಸಂಖ್ಯೆ ಎಷ್ಟು? ಆ ಕಡೆಯಿಂದ ಬಂದ ಉತ್ತರ, "ಮೊದಲು ನಂಬಿಕೆ ಬೇಕು" ಎಂಬುದಾಗಿತ್ತು. ನಂಬಿಕೆಯ ವಿಷಯವನ್ನು ನಾವು ಬಲ್ಲೆವು, ಅದಕ್ಕೆ ಮುಂಗಡ ಕಟ್ಟಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತಕ್ಕೆ ಸಂಬಂಧಿಸಿದ ಕೆಲವು ಅಂಗೀಕೃತ ಕಾಯಿಲೆಗಳನ್ನು ಬಿಟ್ಟರೆ ಉಳಿದುದಕ್ಕೆ ಸ್ಟೆಮ್ ಸೆಲ್ ಬಳಸುವುದು ಪ್ರಯೋಗದ ಹಂತದ್ದು. ಅನುಮತಿ ಪಡೆದು ನೋಂದಾಯಿಸಿದ ಪ್ರಯೋಗದಲ್ಲಿ ಮಾತ್ರ ಅದನ್ನು ಮಾಡಬೇಕು. ನಮ್ಮ ಆಸ್ಪತ್ರೆಯ ವೈದ್ಯರು ಇದನ್ನು ಅಕ್ಕನ ಎದುರಿಗೇ ವಿವರಿಸಿದರು. ಅಕ್ಕ ಅತ್ತಳು. ಬಳೆಗಳನ್ನು ತೆಗೆದುಕೊಂಡು ಒಳಗೆ ಹೋದಳು. ಆಶೆಯನ್ನು ಕಿತ್ತುಕೊಂಡವರು ನಾವು ಎಂದು ಕೆಲವು ದಿನ ನಮ್ಮ ಜೊತೆ ಮಾತು ಕಡಿಮೆ ಮಾಡಿದಳು. ಅದನ್ನು ನಾವು ಸಹಿಸಿಕೊಂಡೆವು.

ಬಳೆಯ ಒಂದು ಪಾಲು ಆಮೇಲೆ ಖರ್ಚಾಯಿತು, ಆದರೆ ಬೇರೆಯದಕ್ಕೆ. ಸರಿಯಾದ ಅಳತೆಯ ಗಾಲಿಕುರ್ಚಿ, ನೀರು ತುಂಬುವ ಹಾಸಿಗೆ, ಬಾಗಿಲಿನ ಹೊಸ್ತಿಲು ತೆಗೆದು ಇಳಿಜಾರು, ಬಚ್ಚಲಿನಲ್ಲಿ ಹಿಡಿಕೆ. ಸ್ಪರ್ಶವಿಲ್ಲದ ಚರ್ಮಕ್ಕೆ ಒಂದೇ ಕಡೆ ಒತ್ತಡ ಬಿದ್ದರೆ ಹುಣ್ಣಾಗುತ್ತದೆ, ಆ ಹುಣ್ಣು ಜೀವಕ್ಕೇ ಮುಳುವಾಗಬಹುದು. ಹಾಸಿಗೆಯಲ್ಲಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಮೊದಲ ವರ್ಷ ಅಕ್ಕ ರಾತ್ರಿ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದಳು. ಹೊತ್ತುಹೊತ್ತಿಗೆ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಭಾವ ತಾವೇ ಕಲಿತರು. ಕಾಲಿನ ಕೀಲುಗಳು ಬಿಗಿದುಕೊಳ್ಳದಂತೆ ದಿನವೂ ಮಡಚಿ ಬಿಡಿಸುವ ಕೆಲಸ ತಮ್ಮನದು. ಅವನ ಕಿರುಬೆರಳು ಈಗಲೂ ಸ್ವಲ್ಪ ಬಾಗಿದೆ, ಹಿಡಿತ ಮೊದಲಿನಷ್ಟಿಲ್ಲ. ನರ ಬೆಳೆದರೂ ಎಲ್ಲ ಎಳೆಗಳೂ ಹಳೆಯ ವಿಳಾಸಕ್ಕೆ ತಲುಪುವುದಿಲ್ಲವಂತೆ.

ನರಕೋಶಕ್ಕೆ ಸಿಗುವ ಹೆಸರು ಗ್ಲಿಯಾಕ್ಕೆ ಸಿಗುವುದಿಲ್ಲ. ರೋಗಿಯ ಧೈರ್ಯವನ್ನು ಹೊಗಳುವ ನಾವು ಅವನನ್ನು ಮಗ್ಗುಲು ಬದಲಾಯಿಸುವವರ ಹೆಸರನ್ನು ಕೇಳುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಲು ಹೋದರೆ, "ಯಾವಾಗ ನಡೆಯುತ್ತೀರಿ?" ಎಂದು ಕೇಳುವ ಬದಲು, ಆ ಮನೆಯ ಹೆಂಗಸಿಗೆ ಒಂದು ರಾತ್ರಿ ನಿದ್ದೆ ಮಾಡಲು ಬಿಡುವು ಕೊಡುವುದು ಮೇಲು. ನಮ್ಮ ನೆರೆಯ ಇಬ್ಬರು ಹುಡುಗರು ಸರದಿಯಲ್ಲಿ ಬಂದು ಅದನ್ನೇ ಮಾಡಿದರು. ಭಾವ ಈಗ ಗಾಲಿಕುರ್ಚಿಯಲ್ಲಿ ಕುಳಿತು ಒಬ್ಬ ವ್ಯಾಪಾರಿಗೆ ಅಡಿಕೆ ವಿಂಗಡಿಸಿ ಕೊಡುತ್ತಾರೆ. ಕಣ್ಣು ಚುರುಕು, ಕೈ ಚುರುಕು. ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈಯನ್ನು ಕುರ್ಚಿಯಿಂದ ಮೇಲೆತ್ತಿ, ಒತ್ತಡ ಕಳೆದು, ಮತ್ತೆ ಕುಳಿತುಕೊಳ್ಳುತ್ತಾರೆ. ಅವರ ಮಿದುಳಿನ ಕೋಶಗಳು ಇನ್ನೂ ಬದುಕಿವೆ. ಮುಂದೊಂದು ದಿನ ಅವುಗಳಿಗೆ ದಾರಿ ತೋರುವವರನ್ನು ಯಾರಾದರೂ ಕಂಡುಹಿಡಿಯಬಹುದು. ಆ ದಿನಕ್ಕೆ ಚರ್ಮ ಗಟ್ಟಿಯಾಗಿರಬೇಕು, ಕೀಲು ಸಡಿಲವಾಗಿರಬೇಕು ಎಂದು ತಮ್ಮ ಹೇಳುತ್ತಾನೆ. ಆ ದಿನ ಬಾರದಿದ್ದರೂ ಇವೆರಡೂ ಬೇಕೇ ಬೇಕು ಎನ್ನುತ್ತಾರೆ ಭಾವ.